ಟವೆಲ್ಲಿನಡಿಯ ಮಾತು

ಒಂದೇ ಒಂದು ರೊಟ್ಟಿ ಬಡಿಯುವುದು ಎಷ್ಟು ಕಷ್ಟದ ಕೆಲಸವೆಂಬುದು ತುಂಬಿದ ಮನೆಯಲ್ಲಿರುವ ನಿಮಗೆ ಬಹುಶಃ ಗೊತ್ತಿರಲಾರದು. ಮೊದಲ ರೊಟ್ಟಿ ಹಂಚು ಹದವಾಗಿ ಕಾಯುವ ಮುಂಚೆಯೇ ಬಿದ್ದು ಕೆಡುತ್ತದೆ. ಹಂಚು ಹದಕ್ಕೆ ಬಂದಾಗ ಪರಾತದಲ್ಲಿ ಹಿಟ್ಟೇ ಇರುವುದಿಲ್ಲ. ಹಾಗೆಂದು ಎರಡು ಬಡಿದರೆ ಎರಡನೆಯದನ್ನು ಯಾರು ತಿನ್ನಬೇಕು? ಯಜಮಾನರು ಹೋಗಿ, ಮಗಳು ರೇಖಾ ಮದುವೆಯಾಗಿ ರಾಣೆಬೆನ್ನೂರು ಸೇರಿದ ಮೇಲೆ ಹಾವೇರಿಯ ನನ್ನ ಮನೆಯಲ್ಲಿ ದಿನಬೆಳಗಾದರೆ ಇದೇ ಪಂಚಾಯಿತಿ. ಬ್ಯಾಡಗಿಯ ಟಪಾಲು ಕಚೇರಿಯಲ್ಲಿ ನೌಕರಿ, ತಲೆಯ ಮೇಲೆ ಸ್ವಂತ ಸೂರು, ಸಕ್ಕರೆ ಕಾಯಿಲೆಯೂ ಇಲ್ಲ. ನಿನಗೇನು ಕಡಿಮೆಯಾಗಿದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವನ್ನು ಯಾರೂ ನಂಬುತ್ತಿರಲಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೇ. ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆಯುತ್ತಿದ್ದೆ, ಮರುದಿನ ಮತ್ತೆ ಗೋಡೆಯ ಕಡೆಗೆ ತಳ್ಳುತ್ತಿದ್ದೆ. ಟೀವಿ ಹಚ್ಚಿ ಅಡುಗೆಮನೆಗೆ ಹೋಗುತ್ತಿದ್ದೆ, ಪಡಸಾಲೆಯಲ್ಲಿ ಯಾರೋ ಮಾತಾಡುತ್ತಿದ್ದಾರೆಂಬ ಒಂದು ಸುಳ್ಳು ಸಮಾಧಾನಕ್ಕೆ.

ಐವತ್ತಾರನೆಯ ವಯಸ್ಸಿನ ಈ ಚಡಪಡಿಕೆಗೆ ನಮ್ಮಲ್ಲಿ ಮರ್ಯಾದೆಯ ಹೆಸರಿಲ್ಲ. ಹದಿಹರೆಯದವರಿಗೆ ಬಂದರೆ ಪ್ರೀತಿ, ನಡುವಯಸ್ಸಿನವರಿಗೆ ಸಂಸಾರದ ತಾಪತ್ರಯ; ನಮ್ಮಂಥವರಿಗೆ ಬಂದರೆ ಮಾತ್ರ ಬಿ.ಪಿ. ತೋರಿಸಿಕೊಂಡು ಬಾ ಎನ್ನುತ್ತಾರೆ. ನಾನು ತೋರಿಸಿಕೊಂಡೂ ಬಂದೆ. ಡಾಕ್ಟರು ಎಲ್ಲ ಸರಿಯಾಗಿದೆ ಎಂದರು. ನನಗೆ ಅಳು ಬಂತು.

ಚನ್ನಬಸಪ್ಪನವರು ಸಿಕ್ಕಿದ್ದು ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ. ಕರ್ಜಗಿಯ ಒಕ್ಕಲುತನದವರು, ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮನೆಯಲ್ಲಿ ಮಗ ಸೊಸೆ. ಹಾವೇರಿಯ ಜಾನುವಾರು ಪೇಟೆಯಲ್ಲಿ ದಲ್ಲಾಳಿ ಕೆಲಸವನ್ನೂ ಮಾಡುತ್ತಿದ್ದರು. ಆ ಸುಗ್ಗಿಯಲ್ಲಿ ತಮ್ಮ ಹೊಲದ ಮೆಣಸಿನಕಾಯಿ ಮಾರಾಟಕ್ಕೆಂದು ಬ್ಯಾಡಗಿಗೆ ಓಡಾಡುತ್ತಿದ್ದರು. ಗಾಡಿಯ ಡಬ್ಬಿಯ ತುಂಬ ಮೆಣಸಿನಕಾಯಿ ಚೀಲಗಳ ಘಾಟು. ನಾನು ಸೀನಿ ಸೀನಿ ಕಣ್ಣೀರಾಗಿದ್ದಾಗ ಎದುರಿಗಿದ್ದ ಅವರು ತಮ್ಮ ಬುತ್ತಿಯಿಂದ ಬೆಲ್ಲದ ಚೂರೊಂದನ್ನು ಕೊಟ್ಟು, "ಬಾಯಾಗ ಇಟ್ಕೋರಿ, ಘಾಟು ಇಳೀತೈತಿ" ಎಂದರು. ಘಾಟು ಇಳಿಯಲಿಲ್ಲ. ಮಾತು ಮಾತ್ರ ಶುರುವಾಯಿತು. ಮಾತೆಂದರೆ ಏನು, ಮಳೆ, ಬೆಳೆ, ಎತ್ತಿನ ಹಲ್ಲು, ನಮ್ಮ ಕಚೇರಿಯ ಕೆಟ್ಟ ಫ್ಯಾನು. ಆದರೂ ಅವರು ಬರದ ದಿನ ಬ್ಯಾಡಗಿ ದೂರವಾಗುತ್ತಿತ್ತು.

ಸುಗ್ಗಿ ಮುಗಿಯಿತು. ಮೆಣಸಿನಕಾಯಿ ಪೇಟೆ ಬರಿದಾಗಿ ಹಮಾಲರೂ ತಮ್ಮ ಊರು ಸೇರಿದರು. ಚನ್ನಬಸಪ್ಪನವರು ಮಾತ್ರ ಎಂದಿನಂತೆ ಗಾಡಿ ಹತ್ತಿ ಬರುತ್ತಿದ್ದರು, ನನ್ನೊಡನೆ ಇಳಿಯುತ್ತಿದ್ದರು, ಸ್ಟೇಷನ್ನಿನ ಎದುರು ಒಂದು ಚಹಾ ಕುಡಿದು ಸಿಕ್ಕ ಬಸ್ಸಿಗೆ ಹಿಂತಿರುಗುತ್ತಿದ್ದರು. ಚಹಾದಂಗಡಿಯವನೇ ಒಮ್ಮೆ, "ಈ ಹಿರೇರಿಗೆ ಇಲ್ಲಿ ಏನ್ ಕೆಲಸ ಐತ್ರೀ ಅಕ್ಕಾರ?" ಎಂದು ನನ್ನನ್ನು ಕೇಳಿದ. ಆ ದಿನ ಕಚೇರಿಯಲ್ಲಿ ಎಷ್ಟು ಲಕೋಟೆಗಳಿಗೆ ತಲೆಕೆಳಗಾಗಿ ಮುದ್ರೆ ಒತ್ತಿದೆನೋ ನನಗೇ ಗೊತ್ತಿಲ್ಲ.

ನಮ್ಮ ಕಡೆಯ ದನದ ಪೇಟೆಯನ್ನು ನೀವು ನೋಡಿದ್ದರೆ ಮುಂದಿನದು ಸುಲಭವಾಗಿ ಅರ್ಥವಾದೀತು. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ತನ್ನ ಹೆಗಲ ಟವೆಲ್ಲನ್ನು ಕೈಮೇಲೆ ಇಳಿಬಿಟ್ಟು, ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾನೆ. ಬೆರಳೇ ಕೇಳುತ್ತದೆ, ಬೆರಳೇ ಹೇಳುತ್ತದೆ. ಒಪ್ಪಿಗೆಯಾದರೆ ಕೈಯನ್ನು ಒತ್ತಬೇಕು, ಇಲ್ಲವಾದರೆ ಬಿಡಿಸಿಕೊಳ್ಳಬೇಕು. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ನಿರ್ವಿಕಾರ ಮುಖಗಳಷ್ಟೇ. ಜೀವಮಾನವೆಲ್ಲ ಹೀಗೆ ಮಾತಾಡಿದ ಮನುಷ್ಯನ ಬಾಯಿಗೆ ಮನಸ್ಸಿನ ಸುದ್ದಿ ಹೇಗೆ ಬರಬೇಕು?

ಒಂದು ಸಂಜೆ ಗಾಡಿ ತಡವಾಗಿತ್ತು. ಅಂದು ಅವರು ಮನೆಗೆ ಹೋಗದೆ ಸಂಜೆಯವರೆಗೂ ಉಳಿದಿದ್ದರು. ಬ್ಯಾಡಗಿ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ಅವರು ಟವೆಲ್ಲನ್ನು ಹೆಗಲಿನಿಂದ ತೆಗೆದು ನಮ್ಮಿಬ್ಬರ ನಡುವೆ ಹಾಸಿದರು, ಅದರ ಕೆಳಗೆ ಕೈಚಾಚಿದರು, ಮುಖವನ್ನು ಮಾತ್ರ ಹಳಿಗಳ ಕಡೆಗೆ ತಿರುಗಿಸಿಕೊಂಡರು. ನಾನು ಐರಣಿಯ ಒಕ್ಕಲಿಗರ ಮನೆಯಲ್ಲಿ ಹುಟ್ಟಿದವಳು, ಅಪ್ಪನ ಹಿಂದೆ ದನದ ಪೇಟೆ ಸುತ್ತಿದವಳು. ತಿಳಿಯದವಳಂತೆ ನಟಿಸಬಹುದಿತ್ತು, ಆಗಲಿಲ್ಲ. ನನ್ನ ಕೈ ತಾನಾಗಿ ಟವೆಲ್ಲಿನ ಕೆಳಗೆ ಹೋಯಿತು. ಅವರು ಬೆರಳು ಹಿಡಿಯಲಿಲ್ಲ, ಇಡೀ ಕೈ ಹಿಡಿದರು.

"ಇದು ಏನ್ ರೇಟ್‌ರಿ?" ಎಂದೆ.

"ರೇಟ್ ಅಲ್ರಿ. ಕೇಳಾಕತ್ತೇನಿ" ಎಂದರು.

ನಾನು ಒತ್ತಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಆ ಒರಟು ಅಂಗೈಯ ಬಿಸಿ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಈಗ ನಿಮ್ಮ ಮುಂದೆ ಹೇಳಲು ನನಗೆ ನಾಚಿಕೆಯಿಲ್ಲ. ಗಾಡಿಯ ಸಿಳ್ಳು ಕೇಳಿದ ಕೂಡಲೆ ಅವರು ಟವೆಲ್ಲನ್ನು ಎಳೆದುಕೊಂಡು, "ಸದ್ಯಕ್ಕ ಯಾರಿಗೂ ಗೊತ್ತಾಗೂದು ಬ್ಯಾಡ್ರಿ. ಮಗ ಸೊಸಿ ಏನ್ ತಿಳ್ಕೋತಾರೋ. ಹಿಂಗ ನಡೀಲಿ" ಎಂದರು.

ಹೀಗೇ ನಡೆಯಿತು. ಅವರು ಈಗ ಸಂಜೆಯ ಗಾಡಿಯವರೆಗೂ ಬ್ಯಾಡಗಿಯಲ್ಲೇ ಉಳಿಯುತ್ತಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಟವೆಲ್ಲು, ಮನೆಯಲ್ಲಿದ್ದಾಗ ಮೊಬೈಲಿಗೊಂದು ಮಿಸ್ಡ್ ಕಾಲ್. ಊಟವಾಯಿತು ಎನ್ನಲು ಒಂದು ರಿಂಗು. ತಿರುಗಿ ಮಾಡಿದರೆ ಎತ್ತುತ್ತಿರಲಿಲ್ಲ, ಸೊಸೆ ಪಕ್ಕದಲ್ಲೇ ಇರುತ್ತಿದ್ದಳಲ್ಲ. ಮೊದಮೊದಲು ಎಳೆಯ ಹುಡುಗಿಯಂತೆ ಫೋನನ್ನು ತಲೆದಿಂಬಿನ ಕೆಳಗಿಟ್ಟುಕೊಂಡೆ. ಬರಬರುತ್ತ ಅದೇ ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ಬಂದು, ಎರಡು ಹೆಜ್ಜೆ ನಡೆದು, ಮತ್ತೆ ಹೋಗಿ ತರುತ್ತಿದ್ದೆ. ಜೊತೆ ಸಿಕ್ಕರೆ ಚಡಪಡಿಕೆ ಕಳೆಯುತ್ತದೆ ಎಂದುಕೊಂಡಿದ್ದವಳಿಗೆ ಅದು ಇಮ್ಮಡಿಯಾಗಿತ್ತು. ಒಂಟಿತನವನ್ನಾದರೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಈ ಜೊತೆಯನ್ನು ಹಾಗೆ ಹೇಳಿಕೊಳ್ಳುವಂತಿರಲಿಲ್ಲ.

ನಮ್ಮ ಪ್ಲಾಟ್‌ಫಾರ್ಮುಗಳು ಅಷ್ಟೊಂದು ದೊಡ್ಡವಲ್ಲ, ಸುದ್ದಿ ರಾಣೆಬೆನ್ನೂರು ಮುಟ್ಟಿತು. ಭಾನುವಾರ ಬಂದ ರೇಖಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು:

"ಅವ್ವಾ, ಬ್ಯಾಡಗಿ ಟೇಶನ್ನಿನ್ಯಾಗ ಯಾರ ಜೋಡಿ ಕುಂದ್ರತಿ? ನಮ್ಮ ಅತ್ತಿ ಕಡೆ ಮಂದಿ ನೋಡ್ಯಾರ."

"ಕರ್ಜಗಿಯವರವಾ. ಚಲೋ ಮನುಷ್ಯಾ."

"ಈ ವಯಸ್ಸಿನ್ಯಾಗ ಇದೆಲ್ಲಾ ಬೇಕಾಗಿತ್ತೇನು?"

"ಈ ವಯಸ್ಸಿನ್ಯಾಗ ಬ್ಯಾಡಂದ್ರ ಮತ್ತ್ಯಾವಾಗವಾ? ನನಗ ಇನ್ನೊಂದು ವಯಸ್ಸು ಬರೂದೈತೇನು?"

ಅವಳು ಸಿಟ್ಟಿನಲ್ಲಿ ಅಡುಗೆಮನೆಗೆ ಹೋದಳು, ಇಲ್ಲದ ಕೆಲಸ ಹುಡುಕಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು. ನಾನು ಜಗಲಿಯಲ್ಲಿ ಕಡ್ಡಿ ಮುರಿಯುತ್ತ ಕೂತೆ. ಬಹಳ ಹೊತ್ತಿನ ಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತವಳು ಕೇಳಿದ್ದು ನಾನು ನಿರೀಕ್ಷಿಸದೇ ಇದ್ದ ಮಾತು.

"ಅವ್ರು ಮಂದಿ ಮುಂದ ನಿನ್ನ ಹೆಸರು ಹೇಳ್ತಾರೇನು?"

ನಾನು ಇನ್ನೊಂದು ಕಡ್ಡಿ ಮುರಿದೆ.

"ಹೇಳ್ತಾರಂದ್ರ ನಂದೇನೂ ತಕರಾರಿಲ್ಲ. ಹೇಳೂದಿಲ್ಲಂದ್ರ ಬಿಟ್ಟುಬಿಡು, ಅವ್ವಾ. ನೀ ಕದ್ದು ತಿರಗೂದು ನನಗ ನೋಡಾಕ ಆಗೂದಿಲ್ಲ."

ಅವಳು ಹೋದ ಮೇಲೆ ಮನೆಯ ಒಳಗೂ ಹೊರಗೂ ಎಷ್ಟು ಸಲ ತಿರುಗಿದೆನೋ. ಬಿಟ್ಟುಬಿಡುವುದು ಎಂದರೆ ಮತ್ತೆ ಆ ಮಂಚ, ಆ ಕಿಟಕಿ, ಆ ಟೀವಿ. ಬಿಡದಿರುವುದು ಎಂದರೆ ಬದುಕು ಪೂರಾ ಯಾವ ಗಾಡಿಯ ಸಿಳ್ಳಿಗೆ ಕೈ ಬಿಡಬೇಕಾದೀತೋ ಎಂದು ಕಿವಿಗೊಟ್ಟು ಕೂರುವುದು. ಕೇಳಿಯೇ ಬಿಡುತ್ತೇನೆಂದು ಹಟ ಹಿಡಿದು ಸೋಮವಾರ ಕಚೇರಿಗೆ ಹೋದೆ. ಕಳೆದುಕೊಳ್ಳುವ ಹೆದರಿಕೆ ನಿಜಕ್ಕೂ ಇತ್ತು.

ಅಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಜನ ತುಂಬಿದ್ದರು. ಕರ್ಜಗಿಯ ಕಡೆಯವರೂ ಹಲವರಿದ್ದರು, ಯಾವುದೋ ಮದುವೆ ಮುಗಿಸಿಕೊಂಡು ಹೊರಟವರು. ಚನ್ನಬಸಪ್ಪನವರು ಮೊದಲು ದೂರವೇ ನಿಂತಿದ್ದು, ಆಮೇಲೆ ಬಂದು ಬೆಂಚಿನ ಆ ತುದಿಗೆ ಕೂತು, ರೂಢಿಯಂತೆ ಟವೆಲ್ಲು ಹಾಸಿದರು. ನಾನು ಕೈಯಿಡಲಿಲ್ಲ. ಟವೆಲ್ಲನ್ನೇ ಎತ್ತಿ, ಮಡಚಿ, ಅವರ ಹೆಗಲ ಮೇಲೆ ಹಾಕಿದೆ. ಆಮೇಲೆ ಬೆಂಚಿನ ಮೇಲೆ ನನ್ನ ಕೈಯನ್ನು ಎಲ್ಲರಿಗೂ ಕಾಣುವಂತೆ ಇಟ್ಟೆ.

"ಮಂದಿ ಅದಾರ್ರಿ" ಎಂದರು, ಮೆಲ್ಲಗೆ.

"ಅದಾರಂತನ ಇಟ್ಟೇನಿ. ನೀವು ಕೇಳಿದ್ದಕ್ಕ ನಾ ಇನ್ನೂ ಹೂಂ ಅಂದಿಲ್ಲ, ನೆನಪೈತಿಲ್ಲೋ? ಮುಚ್ಚಿಟ್ಟು ಹೂಂ ಅನ್ನಾಕ ನನಗ ಬರೂದಿಲ್ಲ."

ಅವರು ಹಳಿಗಳನ್ನು ನೋಡಿದರು, ಮದುವೆಯ ಜನರನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಅಷ್ಟರಲ್ಲಿ ಗಾಡಿಯ ಸಿಳ್ಳು ಕೇಳಿಸಿ ಜನರೆಲ್ಲ ಗಂಟುಮೂಟೆ ಎತ್ತಿಕೊಂಡು ಎದ್ದರು. ಅವರೂ ಎದ್ದರು. ಮುಗಿಯಿತು ಎಂದುಕೊಂಡು ನಾನು ಕೈಯನ್ನು ಎಳೆದುಕೊಳ್ಳುತ್ತಿದ್ದೆ. ಅವರು ಬಗ್ಗಿ ಆ ಕೈಯನ್ನು ಹಿಡಿದು ನನ್ನನ್ನು ಎಬ್ಬಿಸಿದರು. ಅವರ ಅಂಗೈ ಬೆವರಿನಿಂದ ತೊಯ್ದಿತ್ತು.

ಕರ್ಜಗಿಯವನೊಬ್ಬ ನಮ್ಮ ಎದುರೇ ನಿಂತುಬಿಟ್ಟ. ನನ್ನನ್ನೊಮ್ಮೆ, ಹಿಡಿದ ಕೈಯನ್ನೊಮ್ಮೆ ನೋಡಿ, "ಯಾರ್ರೀ ಕಾಕಾ, ಇವ್ರು?" ಎಂದ.

ಕಿವಿಗಡಚಿಕ್ಕುತ್ತ ಗಾಡಿ ಒಳಗೆ ಬರುತ್ತಿತ್ತು. ಬೆಲೆಯನ್ನು ಬಾಯಿಬಿಟ್ಟು ಹೇಳಿ ಗೊತ್ತಿಲ್ಲದ ಆ ಮನುಷ್ಯ ಅದರ ಸದ್ದನ್ನೂ ಮೀರಿಸಿ ನನ್ನ ಹೆಸರನ್ನು ಕೂಗಿ ಹೇಳಿದರು. ಆಗ ನಾನು ಅವರ ಕೈ ಒತ್ತಿದೆ.