ಅಬು ಹಲೀಫಾದ ಚೆಕ್ ಬಾಯಮ್ಮ

ಬೆಳಗಿನ ನಾಲ್ಕೂವರೆ. ಕುವೈತಿನ ಅಬು ಹಲೀಫಾದ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಜೋಯ್ಸ್ ಪಿಂಟೊ ಸೋಫಾ ಸರಿಸಿ, ಚಾಪೆ ಹಾಸಿ, ಬಿಳಿ ಹಲಗೆ ಒರೆಸುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಎಂಟು ಜನ ಬರುತ್ತಾರೆ. ವೆಲ್ಡರು, ಅಡುಗೆಯವರು, ಆಸ್ಪತ್ರೆಯ ಆಯಾ. ಎಲ್ಲರಿಗೂ ಚೆಕ್ ದೇಶದಲ್ಲಿ ಕೆಲಸ ಹಿಡಿಯುವ ಆಸೆ. ಅದಕ್ಕೆ ಆ ಭಾಷೆ ಬೇಕು, ಆ ಭಾಷೆಗೆ ಜೋಯ್ಸ್ ಬೇಕು.

"ಗುಡ್ ಮಾರ್ನಿಂಗ್ ಟೀಚರ್" ಎನ್ನುತ್ತಾನೆ ವೆಲ್ಡರ್ ತಿಲಕ್. ಐವತ್ನಾಲ್ಕರ ಜೋಯ್ಸ್ ಮುಖ ಸಣ್ಣದಾಗುತ್ತದೆ.

"ಟೀಚರ್ ಅನ್ಬೇಡಿ ಮಾರಾಯ್ರೆ. ನಾಚಿಕೆ ಆಗ್ತದೆ."

ಮೂಲ್ಕಿ ಕಡೆಯ ಕ್ರೈಸ್ತ ಹೆಂಗಸು, ಊರ ವಾಡಿಕೆಯಂತೆ ಹೆಚ್ಚಿನವರಿಗೆ 'ಬಾಯಮ್ಮ'; ಓದಿದ್ದು ಹತ್ತನೇ ತರಗತಿ. ಜಹ್ರಾದ ಕುವೈತಿ ಮನೆಯೊಂದರ ಅಜ್ಜಿಯನ್ನು ನೋಡಿಕೊಳ್ಳುವುದು ಇವರ ಉದ್ಯೋಗ. ಅಲ್ಲಿಗೆ ಹೋಗುವ ಆರೂಕಾಲಿನ ವ್ಯಾನ್ ತಪ್ಪಿಸುವಂತಿಲ್ಲ. ಅಜ್ಜಿಯ ಮಂಡಿನೋವಿಗೆ ಬಿಸಿನೀರಿನ ಚಿಕಿತ್ಸೆ ಮಾಡಿಸಲು ಹನ್ನೊಂದು ಬೇಸಿಗೆ ಚೆಕ್ ದೇಶಕ್ಕೆ ಹೋಗಿಬಂದರು. ಅಲ್ಲಿನ ಬಾಗಿಲು, ಗೋಡೆಗಳ ಫಲಕ ನಕಲು ಮಾಡಿಕೊಂಡು, ನರ್ಸುಗಳನ್ನು ಕಾಡಿ ಬೇಡಿ ಭಾಷೆ ಕಲಿತರು. ಏಳು ವರ್ಷದಲ್ಲಿ ಅರವತ್ತಮೂರು ಜನರಿಗೆ ಪುಕ್ಕಟೆ ಕಲಿಸಿದ್ದಾರೆ.

ಇಷ್ಟೆಲ್ಲ ಮಾಡಿದವರಿಗೆ ನಾಚಿಕೆ ಯಾಕಪ್ಪಾ ಎಂದರೆ, ಎರಡು ವರ್ಷದ ಹಿಂದಿನ ಒಂದು ಬೆಳಗು. ಹಲಗೆಯ ಮೇಲೆ 'ಜವ್ರ್ಜೆನೊ' ಎಂದು ಬರೆದಿದ್ದರು. ಅಂಗಡಿ ಬಾಗಿಲಲ್ಲಿ ತೂಗುವ, ಮುಚ್ಚಿದೆ ಎನ್ನುವ ಕರ್ಮಣಿ ರೂಪ. ಸುಲೈಬಿಯಾದ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವ ವಾರಿಜಾ ಕೈ ಎತ್ತಿದಳು: "ಯಾರೋ ಮುಚ್ಚಿದ್ದು ಅಂತಲಾ, ಸುಮ್ಮನೆ ಮುಚ್ಚಿ ಉಂಟು ಅಂತಲಾ?"

ಜೋಯ್ಸ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಎಂಟು ಜನ ಪೆನ್ನು ಹಿಡಿದು ಕಾಯುತ್ತಿದ್ದರಲ್ಲ! "ಯಾರೋ ಮುಚ್ಚಿದ್ದು, ಅಷ್ಟೇ. ತಲೆಹರಟೆ ಬೇಡ" ಎಂದು ಗದರಿದರು. ಎಲ್ಲರೂ ಹಾಗೆಯೇ ಬರೆದುಕೊಂಡರು. ಮರುದಿನದಿಂದ ವಾರಿಜಾ ಬರಲಿಲ್ಲ.

ಹಳೆಯ ವಿದ್ಯಾರ್ಥಿ ಧನರಾಜ್ ಕಳೆದ ತಿಂಗಳು ಚೆಕ್ ದೇಶದಿಂದ ವ್ಯಾಕರಣದ ಪುಸ್ತಕ ಕಳಿಸಿದ. ಒಂದೇ ರೂಪ ಎರಡನ್ನೂ ಹೇಳಬಲ್ಲದು, ಸಂದರ್ಭ ನೋಡಿ ತಿಳಿಯಬೇಕು ಎಂದು ಅದರಲ್ಲಿತ್ತು. ಓದುತ್ತ ಜೋಯ್ಸ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹುಡುಗಿ ಕೇಳಿದ್ದು ಸರಿಯೇ ಇತ್ತು. ನಾನು ನನ್ನ ಮರ್ಯಾದೆ ನೋಡಿಕೊಂಡೆ" ಎನ್ನುತ್ತಾರೆ, ಹಲಗೆಯ ಕಡೆ ತಿರುಗಿ.

ಪುಸ್ತಕ ಓದಿದ ದಿನದಿಂದ ವಾರಕ್ಕೆ ಇಬ್ಬರು ಮೂವರಂತೆ, ಆ ಪಾಠ ಬರೆದುಕೊಂಡ ಹಳಬರಿಗೆ ಫೋನ್ ಮಾಡಿ ತಪ್ಪು ತಿದ್ದಿಸುತ್ತಿದ್ದಾರೆ. "ಬಿಡಿ ಬಾಯಮ್ಮ, ಅದೊಂದು ದೊಡ್ಡ ಸಂಗತಿಯಾ?" ಎಂದು ಎಲ್ಲರೂ ನಕ್ಕರು. ವಾರಿಜಾಳ ನಂಬರು ಮಾತ್ರ ಒತ್ತಲು ಕೈ ಬಂದಿರಲಿಲ್ಲ. ಇವತ್ತು ಪಾಠ ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಒತ್ತುತ್ತಾರೆ.

"ವಾರಿಜಾ, ಅವತ್ತು ನಂಗೇ ಗೊತ್ತಿರ್ಲಿಲ್ಲ. ಸುಮ್ಮನೆ ನಿನ್ನ ಬಾಯಿ ಮುಚ್ಚಿಸಿದೆ. ತಪ್ಪಾಯ್ತು."

ಆ ಕಡೆ ಗೋದಾಮಿನ ಸದ್ದು. ಅದರ ನಡುವೆ ಅವಳ ದನಿ: "ನಾನು ದಡ್ಡಿ, ನಂಗೆ ಓದು ಹತ್ತುದಿಲ್ಲ ಅಂದ್ಕೊಂಡು ಬಿಟ್ಟದ್ದು ಬಾಯಮ್ಮ. ಎರಡು ವರ್ಷ ಹಾಗೇ ಅಂದ್ಕೊಂಡಿದ್ದೆ." ಬರುತ್ತೇನೆ ಎಂದೂ ಹೇಳದೆ, ಬರುವುದಿಲ್ಲ ಎಂದೂ ಹೇಳದೆ ಫೋನ್ ಇಡುತ್ತಾಳೆ.

ಜೋಯ್ಸ್ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟುತ್ತಾರೆ. ಕೆಳಗೆ ವ್ಯಾನ್ ಹಾರ್ನ್ ಹೊಡೆಯುತ್ತಿದೆ.

"ಒಂದು ದಿನ ಅವಳು ಬರ್ಬೇಕು. ಆ ಪಾಠ ಅವಳೇ ಮಾಡ್ಲಿ. ನಾನು ಚಾಪೆ ಮೇಲೆ ಕೂತು ಬರ್ಕೊಳ್ತೇನೆ."