ಎರಡು ಗಳಿಗೆ ಇಪ್ಪತ್ತು ವಿಗಳಿಗೆ

ನಮ್ಮ ಹಿರಿಯ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಅದರ ಸಂದಿಯಲ್ಲಿ ಸದಾ ಸೀಮೆಸುಣ್ಣ. ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಆಗ ಗೋಳವಿರಲಿಲ್ಲ. ಭೂಗೋಳದ ಪಾಠಕ್ಕೆ ಅವರು ಮನೆಯಿಂದ ಸಿಹಿಗುಂಬಳಕಾಯಿ ತರುತ್ತಿದ್ದರು. ಕಾಯಿಯ ಏಣುಗಳೇ ರೇಖಾಂಶ. ಉಗುರಿನಿಂದ ಒಂದು ಗೀರೆಳೆದು "ಇದು ನ್ಯೂಯಾರ್ಕು", ಪಕ್ಕದಲ್ಲಿ ಇನ್ನೊಂದು ಎಳೆದು "ಇದು ಶಿಕಾಗೋ" ಎನ್ನುವರು. ಪಾಠ ಮುಗಿದರೆ ಕಾಯಿ ಮನೆಗೆ ವಾಪಸು. "ಇವತ್ತು ನಮ್ಮನೇಲಿ ಅಮೆರಿಕದ ಹುಳಿ ಕಣಯ್ಯ, ಊಟಕ್ಕೆ ಬಾ" ಎಂದು ನನ್ನನ್ನು ಕರೆಯುವರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಿರಿಯ ಮೇಷ್ಟ್ರು, ಒಂಟಿ. ಅವರ ಹೆಂಡತಿ ಬಡಿಸಿದ ಆ ಹುಳಿ ಎಷ್ಟು ಸಲ ಉಂಡೆನೋ.

ಮೇಷ್ಟ್ರು ದೊಡ್ಡೇರಿ ಕಡೆಯ ಪಂಚಾಂಗದವರ ಮನೆತನ. ನಿಮಿಷ, ಗಂಟೆ ಅವರ ಬಾಯಿಗೆ ಒಗ್ಗುತ್ತಿರಲಿಲ್ಲ. "ಸೂರ್ಯ ಆರು ಡಿಗ್ರಿ ನಡೆಯೋಕೆ ಒಂದು ಗಳಿಗೆ. ಅಷ್ಟು ಗೊತ್ತಿದ್ರೆ ಪ್ರಪಂಚದ ಯಾವ ಊರಲ್ಲಿ ಎಷ್ಟು ಹೊತ್ತು ಅಂತ ಇಲ್ಲೇ ಕೂತು ಹೇಳಬಹುದು" ಎನ್ನುತ್ತಿದ್ದರು. ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ, ಅದರ ಅರವತ್ತನೆಯ ಒಂದು ಪಾಲು ವಿಗಳಿಗೆ. ಆ ಎರಡು ಊರುಗಳ ನಡುವೆ ಹದಿನಾಲ್ಕು ಡಿಗ್ರಿ.

ಹೆಡ್‌ಮಾಸ್ಟರ್ ಜಾಗ ಖಾಲಿಯಾಗಿತ್ತು. ಹಿರಿತನದಲ್ಲಿ ಅದು ಅವರದೇ. ಇನ್‌ಸ್ಪೆಕ್ಟರ್ ಬಂದು ನೋಡಿ ಬರೆದುಕೊಟ್ಟರೆ ಮುಗಿಯಿತು ಅನ್ನುವಷ್ಟರಲ್ಲಿ ಅವರು ಬಂದೇ ಬಂದರು. ಕುಂಬಳಕಾಯಿ ನೋಡಿ ಮೂಗು ಮುರಿದು, ನ್ಯೂಯಾರ್ಕಿಗೂ ಶಿಕಾಗೋಗೂ ಹೊತ್ತಿನಲ್ಲಿ ಎಷ್ಟು ವ್ಯತ್ಯಾಸ ಎಂದು ಕೇಳಿದರು. ಇಡೀ ತರಗತಿ ಒಂದೇ ದನಿಯಲ್ಲಿ, "ಎರಡು ಗಳಿಗೆ ಇಪ್ಪತ್ತು ವಿಗಳಿಗೆ!" ಎಂದಿತು.

"ಇದೇನ್ರೀ, ಸ್ಕೂಲೋ ಪುರೋಹಿತರ ಜಗಲಿಯೋ?"

"ಐವತ್ತಾರು ನಿಮಿಷ ಸ್ವಾಮಿ. ಲೆಕ್ಕ ಸರಿಯಾಗೇ ಇದೆ" ಎಂದರು ಮೇಷ್ಟ್ರು.

"ಅಲ್ಲಿ ರೈಲಿನವರು ಗಡಿಯಾರ ಇಟ್ಟಿರೋದು ಪೂರಾ ಒಂದು ಗಂಟೆ ವ್ಯತ್ಯಾಸಕ್ಕೆ. ಪುಸ್ತಕ ಓದ್ರೀ."

"ಮಧುಗಿರಿಗೇ ರೈಲಿಲ್ಲ ಸ್ವಾಮಿ. ಅವರ ರೈಲು ಕಟ್ಕೊಂಡು ನಮಗೇನಾಗ್ಬೇಕು?"

ಹುಡುಗರು ಗೊಳ್ಳೆಂದು ನಕ್ಕರು. ಆ ನಗುವೇ ಮುಳುವಾಯಿತು. ಇನ್‌ಸ್ಪೆಕ್ಟರ್ ಕೆಂಪಗಾಗಿ ನನ್ನ ಕಡೆ ತಿರುಗಿದರು. "ನೀವೇನಂತೀರಿ?"

ಹಿಂದಿನ ದಿನವೇ ಆ ಲೆಕ್ಕವನ್ನು ನಾನೂ ಮಾಡಿ ನೋಡಿದ್ದೆ. ಸರಿಯಾಗಿತ್ತು. ಈಗ ನನಗೂ ವಯಸ್ಸಾಯಿತು, ಸುಳ್ಳು ಹೇಳಿ ಏನಾಗಬೇಕಿದೆ? ಹೆದರಿಕೆ ಒಂದು ಪಾಲು, ಆಸೆ ಮೂರು ಪಾಲು. "ಒಂದು ಗಂಟೆ ಸಾರ್. ಇವರ ಲೆಕ್ಕ ತಪ್ಪು" ಎಂದುಬಿಟ್ಟೆ.

ತಿಂಗಳೊಳಗೆ ಮೇಷ್ಟ್ರನ್ನು ಪಾವಗಡದಾಚೆ ಒಂದು ಹಳ್ಳಿಗೆ ಎತ್ತಂಗಡಿ ಮಾಡಿದರು. ಗಾಡಿಗೆ ಸಾಮಾನು ಏರಿಸುವಾಗ ನಾನು ತಲೆ ತಗ್ಗಿಸಿ ನಿಂತಿದ್ದೆ. "ಬುಡಯ್ಯ. ನಿಂಗೆ ರೈಲು ಹಿಡೀಬೇಕಿತ್ತು, ಹಿಡಿದೆ" ಎಂದು ಭುಜ ತಟ್ಟಿದರು. ಬೈದಿದ್ದರೆ ಹಗುರಾಗುತ್ತಿತ್ತು. ಮುಂದೆ ಹೆಡ್‌ಮಾಸ್ಟರ್ ಕುರ್ಚಿ ನನಗೇ ಬಂತು. ಕೂತೆ. ಒಂದು ದಿನವೂ ಬೆನ್ನು ಒರಗಿಸಿ ಕೂರಲಾಗಲಿಲ್ಲ.

ಯುದ್ಧದ ಕಾಲದಲ್ಲಿ ಸರ್ಕಾರದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರಲ್ಲ, ಆಗ ಮೇಷ್ಟ್ರು ಹೋದ ಸುದ್ದಿ ಬಂತು. ಮೂರನೆಯ ದಿನ ಹೋದೆ. ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ಜೀವ ಹೋದಾಗ ಸ್ಕೂಲಿನ ಗಡಿಯಾರದಲ್ಲಿ ಬೆಳಗಿನ ಆರೂವರೆಯಂತೆ. ಪುರೋಹಿತರು ಹಳೆಯ ಗಂಟೆಗೆ ಇಳಿಸಿ, ಐದೂವರೆಗೆ ದಶಮಿ ಆಗಲೇ ಕಳೆದಿತ್ತು, ವರ್ಷಾವರ್ಷದ ತಿಥಿ ಏಕಾದಶಿಗೇ ಎಂದಿದ್ದರು. ಆಕೆಗೆ ಸಮಾಧಾನವಿರಲಿಲ್ಲ. "ಅವರಿದ್ದಿದ್ರೆ ಒಪ್ತಿರ್ಲಿಲ್ಲ. ನೀವೊಂದು ಸಲ ನೋಡಿ" ಎಂದರು.

ನಮ್ಮ ಸೀಮೆಯಲ್ಲಿ ಸೂರ್ಯ ಹಳೆಯ ಸರ್ಕಾರಿ ಗಂಟೆಗಿಂತಲೂ ಇಪ್ಪತ್ತೊಂದು ನಿಮಿಷ ಹಿಂದೆ. ಕುಂಬಳಕಾಯಿ ಮುಂದಿಟ್ಟುಕೊಂಡು ಅವರೇ ಹೇಳಿಕೊಟ್ಟಿದ್ದು. ಪಂಚಾಂಗ ನೋಡುವುದು ಆ ಸೂರ್ಯನನ್ನು, ಗಡಿಯಾರವನ್ನಲ್ಲ. ಆ ಇಪ್ಪತ್ತೊಂದನ್ನೂ ಕಳೆದೆ. ದಶಮಿ ಇನ್ನೂ ಕಾಲು ಗಳಿಗೆ ಉಳಿದಿತ್ತು.

"ದಶಮಿ" ಎಂದೆ.

"ನಾಡಿಗೆಲ್ಲ ಒಂದೇ ಗಂಟೆಯಲ್ಲವೇ ಸ್ವಾಮಿ?" ಎಂದರು ಅಲ್ಲೇ ಕೂತಿದ್ದ ಪುರೋಹಿತರು.

"ಗಂಟೆ ಒಂದೇ. ಸೂರ್ಯ ಹಂಗಲ್ಲ. ಮೇಷ್ಟ್ರ ಲೆಕ್ಕ ಸರಿ."

ಆಕೆ ನನ್ನ ಕಡೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದರು:

"ಈ ಮಾತು ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲಪ್ಪ."