ಸೋಫಾ ಪಕ್ಕದ ಅರಶಿನ ಗಿಡ

"ಅಕ್ಕಾರ, ಈ ಗಿಡದ ಹೆಸರೇನ್ರಿ?" ಎಂದು ಎದುರು ಫ್ಲ್ಯಾಟಿನ ಶೈಲಾ ಕೇಳಿದಾಗ ನಾನು ಒಂಚೂರೂ ತಡವರಿಸದೆ ಹೇಳಿದೆ, "ಕಲಾಥಿಯಾ. ಇಂಪೋರ್ಟೆಡ್ ಶೋ ಗಿಡ."

ಹಸಿ ಸುಳ್ಳು! ಅದು ಅರಶಿನ. ಊರಿಂದ ಕರ್ಚೀಫಿನಲ್ಲಿ ಕಟ್ಟಿ ತಂದ ಗಡ್ಡೆ. ಬಿಳಿ ಸೆರಾಮಿಕ್ ಕುಂಡಕ್ಕೆ ಹಾಕಿ, ಕಿಟಕಿ ಹತ್ತಿರ ಸೋಫಾ ಪಕ್ಕ ಇಟ್ಟಿದ್ದೆ. ಅಷ್ಟಕ್ಕೇ ಅದು ಫಾರಿನ್ ಆಗಿಬಿಟ್ಟಿತ್ತು.

ಯಾಕೆ ಈ ಸುಳ್ಳು? ನಾವು ಉಡುಪಿ ಕಡೆಯವರು. ನಾಗರ ಪಂಚಮಿಗೆ ಅರಶಿನ ಎಲೆಗೆ ಅಕ್ಕಿ ಹಿಟ್ಟು ಹಚ್ಚಿ, ಬೆಲ್ಲ-ಕಾಯಿ ತುಂಬಿ, ಮಡಚಿ ಬೇಯಿಸುವ 'ಗಟ್ಟಿ' ಎಂಬ ಕಡುಬು ಆಗಲೇಬೇಕು. ಆ ಎಲೆಯ ಪರಿಮಳ ಇಲ್ಲದಿದ್ದರೆ ಅದು ಬರೀ ಹಿಟ್ಟು. ಮುಂಬಯಿ ಹತ್ತಿರದ ಡೊಂಬಿವಲಿಯ ಹಳೇ ಬಿಲ್ಡಿಂಗಿನಲ್ಲಿ ನನ್ನ ಕುಂಡ ಪ್ಯಾಸೇಜಿನಲ್ಲಿತ್ತು. ಪಂಚಮಿ ಬಂತೆಂದರೆ ಸಾಕು, "ಒಂದೇ ಎಲೆ ಕೊಡಿ ಅಕ್ಕ" ಎಂದು ಅಲ್ಲಿದ್ದ ನಮ್ಮ ಊರಿನವರೆಲ್ಲ ಹಾಜರು. ಕೊನೆಗೆ ನನಗೆ ಉಳಿಯುತ್ತಿದ್ದದ್ದು ದಂಟು. (ಗಿಡ ಬೆಳೆಸಿದವಳೇ ಎಲೆ ಕೊಳ್ಳಲು ಮಾರ್ಕೆಟ್ಟಿಗೆ ಹೋದದ್ದುಂಟು.) ಠಾಕುರ್ಲಿಯ ಈ ಟವರ್‌ಗೆ ಬಂದಾಗಲೇ ನಿರ್ಧರಿಸಿದ್ದೆ, ಇನ್ನು ಗಿಡ ಮನೆಯೊಳಗೆ, ಹೆಸರು ಗುಟ್ಟು.

ಆದರೆ ಶೈಲಾ ಸಾಮಾನ್ಯಳಲ್ಲ. ವಿಜಯಪುರದವಳು, ಐರೋಲಿಯಲ್ಲಿ ಕೆಲಸ, ಮನೆ ತುಂಬ ಗಿಡ. ಮಾನ್‌ಸ್ಟೆರಾ, ಸ್ನೇಕ್ ಪ್ಲಾಂಟ್, ಹೇಳಹೋದರೆ ನಾಲಗೆ ತೊಡರುವಂಥವು ಇನ್ನೆಷ್ಟೋ. ವಾರಕ್ಕೊಮ್ಮೆ ಕುಂಡ ತಿರುಗಿಸುತ್ತಾಳೆ. ಮಣ್ಣಿಗೆ ಬೆರಳು ಹಾಕಿ ನೋಡಿಯೇ ನೀರು ಕೊಡುತ್ತಾಳೆ. ಎಲೆಗಳನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಾಳೆ. ನಮ್ಮೂರಲ್ಲಿ ಇಂಥವು ಬಚ್ಚಲ ನೀರು ಕುಡಿದು ಆಳೆತ್ತರ ಬೆಳೆಯುತ್ತವೆ, ಅವಕ್ಕೆ ಯಾರು ಮುಖ ಒರೆಸುತ್ತಾರೆ?

"ಕಲಾಥಿಯಾಕ್ಕ ಎಲಿ ಮ್ಯಾಲೆ ಪಟ್ಟಿ ಇರ್ತಾವಲ್ರಿ? ಇದಕ್ಕ ಇಲ್ಲಲ್ಲ?" ಎಂದಳು.

"ಇದು ಬೇರೆ ವೆರೈಟಿ," ಎಂದೆ. ಬಾಯಿಗೆ ಬಂದದ್ದು ಹೇಳುವುದು ಒಮ್ಮೆ ಶುರುವಾದರೆ ಎಲ್ಲಿ ನಿಲ್ಲುತ್ತದೆ?

ಅಷ್ಟರಲ್ಲಿ ನಾಸಿಕ್‌ನಲ್ಲಿರುವ ಅಕ್ಕನ ಮೊಣಕಾಲಿನ ಆಪರೇಷನ್. ಗಂಡ, ನಾನು ಇಬ್ಬರೂ ಹತ್ತು ದಿನ ಅಲ್ಲಿಗೆ ಹೋದೆವು. ಮನೆ ಕೀಲಿ, ಗಿಡದ ಜವಾಬ್ದಾರಿ ಎರಡೂ ಶೈಲಾ ಕೈಗೆ. ಪಂಚಮಿಯ ಹಿಂದಿನ ಸಂಜೆ ಬಂದು ಬಾಗಿಲು ತೆಗೆದರೆ, ಅಬ್ಬಬ್ಬಾ! ಹದಿನಾರು ಎಲೆ. ಒಂದೊಂದೂ ಫಳಫಳ. ನನ್ನ ಬಾಯಲ್ಲಿ ನೀರೂರಿತು.

"ಛಂದ ಆಗೇದಲ್ರಿ ಅಕ್ಕಾರ?" ಶೈಲಾ ಹಿಗ್ಗಿನಿಂದ ಬಂದಳು. "ಬಿಳಿ ಹುಳ ಹತ್ತಿತ್ರಿ. ಎರಡ್ ಸಲ ಹುಳದ ಔಷಧ ಹೊಡದೆ. ಮ್ಯಾಲೆ ಎಲಿಗೆ ಪಾಲಿಶ್ ಸ್ಪ್ರೇ. ಶೋ ಗಿಡಕ್ಕ ಇಷ್ಟರ ಮಾಡಬೇಕಲ್ರಿ!"

"ಅಯ್ಯೋ ಮಾರಾಯ್ತಿ, ಅದು ನಾಳೆಯ ತಿಂಡಿ" ಎನ್ನಲೇ? "ಥ್ಯಾಂಕ್ಯೂ" ಎಂದೆ.

ಬೆಳಿಗ್ಗೆ ಡೊಂಬಿವಲಿ ಮಾರ್ಕೆಟ್ಟಿಗೆ ಓಡಿದೆ. ಎಲೆ ಮಾರುವವಳು ಖಾಲಿ ಬುಟ್ಟಿ ತೋರಿಸಿ "ಕಲ್ ಆನೇ ಕಾ ಥಾ ನಾ, ಭಾಭೀ" ಎಂದಳು, ನಿನ್ನೆಯೇ ಬರಬೇಕಿತ್ತಂತೆ. ಕೊನೆಗೆ ಬಾಳೆಎಲೆಯಲ್ಲಿ ಬೇಯಿಸಿದೆ. ಗಂಡ ಒಂದು ತುಂಡು ಬಾಯಿಗಿಟ್ಟು, ಮಿರಮಿರ ಮಿಂಚುತ್ತಿದ್ದ ಗಿಡವನ್ನೂ ನನ್ನನ್ನೂ ನೋಡಿದರು.

"ನಾಲ್ಕು ಎಲೆ ಊರಿನವರಿಗೆ ಹೋಗಿದ್ರೆ ಹನ್ನೆರಡಾದ್ರೂ ನಮಗೆ ಉಳೀತಿತ್ತಲ್ಲ ಮಾರಾಯ್ತಿ?"

ಮೈಯೆಲ್ಲ ಉರಿಯಿತು. ನಿಜ ಹೇಳಿದವರ ಮೇಲೆ ಬರುವ ಕೋಪವೇ ಬೇರೆ. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ವಿಜಯಪುರದ ಕಡೆ ಪಂಚಮಿ ಎಂದರೆ ಉಂಡಿ. ಅರಶಿನ ಎಲೆ ಶೈಲಾಗೆ ಬೇಕಾಗಿಯೇ ಇರಲಿಲ್ಲ! ಇಡೀ ಟವರಿನಲ್ಲಿ ಸುಳ್ಳು ಹೇಳಲು ನನಗೆ ಅವಳೇ ಸಿಗಬೇಕೇ?

ಮಧ್ಯಾಹ್ನ ಅದೇ ಶೈಲಾ ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ತಂದಳು. ನಾಚಿಕೆ ಬಿಟ್ಟು ನಾಲ್ಕು ತಿಂದೆ. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಗಿಡದ್ದು ಒಂದ್ ಮರಿ ಕೊಡ್ರಿ ಅಕ್ಕಾರ, ಅಷ್ಟ ಸಾಕು" ಎಂದಳು.

ಆ ಡಬ್ಬಿ ನಾಲ್ಕು ದಿನದಿಂದ ಅಡುಗೆ ಕಟ್ಟೆಯ ಮೇಲಿದೆ. ನೆರೆಮನೆಯ ಡಬ್ಬಿ ಖಾಲಿ ಕೊಡುವ ಹಾಗಿಲ್ಲ. ಮರಿ ಕೊಡೋಣವೆಂದರೆ ಗಡ್ಡೆ ಮುರಿಯಬೇಕು. ಮುರಿದರೆ ಒಳಗೆ ಅಚ್ಚ ಹಳದಿ, ಘಮ್ಮೆನ್ನುವ ವಾಸನೆ. ದಿನವೂ ಪಲ್ಯಕ್ಕೆ ಅರಶಿನ ಹಾಕುವವಳಿಗೆ ಅದನ್ನು ಯಾವ ದೇಶದ್ದೆಂದು ಹೇಳಲಿ?